ಹಳೇ ಲೆನ್ಸ್ ಬಿಗಿಯಾಗಿದೆಯೇ? ಎರಡು ಹನಿ ಕೊಬ್ಬರಿ ಎಣ್ಣೆ ಬಿಡುವ ಮುನ್ನ ಇದನ್ನು ಓದಿ

ಚಿಕ್ಕಮಗಳೂರಿನ ಮಲ್ಲಂದೂರು, ಮೂಡಿಗೆರೆ, ಕಳಸದ ಕಡೆಯ ಎಷ್ಟೋ ತೋಟದ ಮನೆಗಳ ಬೀರುವಿನಲ್ಲಿ ಅಪ್ಪನದೋ ಅಜ್ಜನದೋ ಒಂದು ಫಿಲ್ಮ್ ಕ್ಯಾಮೆರಾ ಇರುತ್ತದೆ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಹಕ್ಕಿಗಳ ಫೋಟೊ ತೆಗೆದ ಸೀಮೆ ಇದು. ಈಗ ಅಂಥ ಹಳೇ ಲೆನ್ಸುಗಳನ್ನು ಅಡಾಪ್ಟರ್ ಹಾಕಿ ಹೊಸ ಡಿಜಿಟಲ್ ಕ್ಯಾಮೆರಾಗಳಲ್ಲೂ ಬಳಸಬಹುದು. ಆದರೆ ಬೀರುವಿನಿಂದ ಹೊರತೆಗೆದರೆ ಫೋಕಸ್ ರಿಂಗ್ ತಿರುಗುವುದೇ ಇಲ್ಲ. ಆಗ ಸಿಗುವ ಸಲಹೆ: “ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ, ಇಲ್ಲವೇ ಡಬ್ಲ್ಯೂಡಿ-40 ಹೊಡೆಯಿರಿ, ಬೆಣ್ಣೆಯಂತೆ ತಿರುಗುತ್ತದೆ.”

ಇದು ಎಷ್ಟು ನಿಜ? ತಿರುಗುವುದೇನೋ ನಿಜ. ತೊಂದರೆ ಶುರುವಾಗುವುದು ಆಮೇಲೆ.

ಬಿಗಿಯಾಗುವುದು ಏಕೆ?

“ಮಲೆನಾಡಿನ ಮಳೆಗೆ ಹಿಡಿದುಕೊಂಡಿದೆ” ಎನ್ನುವುದು ಸಾಮಾನ್ಯ ನಂಬಿಕೆ. ತೇವದಿಂದ ಮುಖ್ಯವಾಗಿ ಆಗುವ ಹಾನಿ ಬೇರೆ: ಗಾಜಿನ ಮೇಲೆ ಜೇಡರ ಬಲೆಯಂತೆ ಹಬ್ಬುವ ಬೂಷ್ಟು. ರಿಂಗ್ ಬಿಗಿಯಾಗಲು ಹೆಚ್ಚಿನ ಸಲ ಕಾರಣ ಹಳೇ ಗ್ರೀಸ್. ಹಾಗಾಗಿ ಒಣಹವೆಯ ರಾಯಚೂರಿನಲ್ಲಿಟ್ಟ ಲೆನ್ಸೂ ಬಿಗಿಯಾಗುತ್ತದೆ.

ಫೋಕಸ್ ರಿಂಗ್ ತಿರುಗಿಸಿದಾಗ ಒಳಗಿನ ಗಾಜುಗಳು ಹಿಂದೆ ಮುಂದೆ ಸರಿಯಬೇಕು. ಇದಕ್ಕಾಗಿ ಒಂದರೊಳಗೊಂದು ಕೂರುವ ಲೋಹದ ಕೊಳವೆಗಳಲ್ಲಿ ನಯವಾದ ಥ್ರೆಡ್ ಕೊರೆದಿರುತ್ತಾರೆ. ಅವುಗಳ ನಡುವೆ ಗ್ರೀಸ್ ಇರುತ್ತದೆ. ಗ್ರೀಸ್ ಎಂದರೆ ಎಣ್ಣೆಯನ್ನು ಸ್ಪಂಜಿನಂತೆ ಹಿಡಿದಿಟ್ಟುಕೊಳ್ಳುವ ಸಾಬೂನಿನಂಥ ವಸ್ತು. ವರ್ಷಗಳು ಕಳೆದಂತೆ ಎಣ್ಣೆ ಸೋರಿಹೋಗುತ್ತದೆ. ಉಳಿಯುವುದು ಅಂಟಾದ ಗಸಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಜನವರಿಯ ಚಳಿಯ ಬೆಳಗ್ಗೆ ಒಮ್ಮೆ, ಮಧ್ಯಾಹ್ನದ ಸೆಕೆಯಲ್ಲಿ ಒಮ್ಮೆ ರಿಂಗ್ ತಿರುಗಿಸಿ ನೋಡಿ. ಮಧ್ಯಾಹ್ನ ಸಡಿಲವಾದರೆ ಗ್ರೀಸಿನದೇ ಸಮಸ್ಯೆ. ಎರಡೂ ಹೊತ್ತು ಒಂದೇ ರೀತಿ ಸಿಕ್ಕಿಕೊಂಡರೆ, ಅಥವಾ ಕರಕರ ಎಂದರೆ, ಲೋಹ ನೆಗ್ಗಿರಬಹುದು, ತುಕ್ಕು ಅಥವಾ ಮರಳು ಇರಬಹುದು. ಬಲ ಹಾಕಿ ತಿರುಗಿಸಬೇಡಿ.

ಎಣ್ಣೆ ಏಕೆ ಬೇಡ?

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಬಾಟಲಿಯೊಳಗೆ ಹೆಪ್ಪುಗಟ್ಟುವ ಎಣ್ಣೆ ಲೆನ್ಸಿನೊಳಗೂ ಹೆಪ್ಪುಗಟ್ಟುತ್ತದೆ. ಅಡುಗೆಗೆ ಬಳಸುವ ಬೇರೆ ಎಣ್ಣೆಗಳು ಗಾಳಿಗೆ ಹಳಸಿ ಅಂಟಾಗುತ್ತವೆ. ಎಣ್ಣೆ ಡಬ್ಬಿಯ ಹೊರಮೈ ಮುಟ್ಟಿದರೆ ಗೊತ್ತಾಗುತ್ತದೆ.

ಡಬ್ಲ್ಯೂಡಿ-40ಯನ್ನು 1953ರಲ್ಲಿ ಅಮೆರಿಕದಲ್ಲಿ ರೂಪಿಸಿದ್ದು ಲೋಹದಿಂದ ನೀರನ್ನು ಹೊರದೂಡಿ ತುಕ್ಕು ತಡೆಯಲು. ಅದರಲ್ಲಿ ಹೆಚ್ಚಿನ ಪಾಲು ಆವಿಯಾಗಿ ಹೋಗುವ ದ್ರಾವಕ. ಅದು ಹಳೇ ಗ್ರೀಸನ್ನು ಕರಗಿಸುವುದರಿಂದ ರಿಂಗ್ ತಕ್ಷಣ ತಿರುಗುತ್ತದೆ. ಜನ ನಂಬುವುದೂ ಇದಕ್ಕೇ. ಆದರೆ ಕರಗಿದ ಜಿಡ್ಡು ಅಲ್ಲೇ ನಿಲ್ಲುವುದಿಲ್ಲ. ಹರಿದು ಅಪರ್ಚರ್ ಎಲೆಗಳಿಗೆ ತಲುಪುತ್ತದೆ. ಕೂದಲೆಳೆಯಷ್ಟು ತೆಳುವಾದ ಈ ಎಲೆಗಳು ಒಣಗಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಜಿಡ್ಡಾದರೆ ಒಂದಕ್ಕೊಂದು ಅಂಟಿ ಸಮಯಕ್ಕೆ ಮುಚ್ಚಿಕೊಳ್ಳುವುದಿಲ್ಲ, ಫೋಟೊ ಬೆಳ್ಳಗೆ ಬರುತ್ತದೆ. ಜಿಡ್ಡು ಗಾಜಿನ ಮೇಲೆ ಕೂತರೆ ಮಸುಕು. ಹೊಲಿಗೆ ಯಂತ್ರದ ತೆಳು ಎಣ್ಣೆಗೂ ಇದೇ ಮಾತು. ಲೆನ್ಸನ್ನು ಬಿಸಿಲಿಗಿಟ್ಟು ಸಡಿಲಿಸುವ ಉಪಾಯದಿಂದಲೂ ಗ್ರೀಸಿನ ಎಣ್ಣೆ ಹೀಗೇ ಹರಿಯುತ್ತದೆ. ಸಾಲದ್ದಕ್ಕೆ ಲೆನ್ಸ್ ಬಿಸಿಲನ್ನು ಒಂದೆಡೆ ಕೂಡಿಸಿ ಬೆಂಕಿಯನ್ನೂ ಹೊತ್ತಿಸಬಲ್ಲದು.

ಹಾಗಾದರೆ ಸರಿಯಾದ ದಾರಿ?

ಹಳೆಯದನ್ನು ಪೂರ್ತಿ ತೆಗೆದು ಹೊಸ ಗ್ರೀಸ್ ಹಚ್ಚುವುದೊಂದೇ. ಲೆನ್ಸ್ ಬಿಚ್ಚಿ, ಗಾಜಿನ ಭಾಗವನ್ನು ಬೇರೆಯಿಟ್ಟು, ಥ್ರೆಡ್ಡುಗಳನ್ನು ಲೈಟರ್‌ಗೆ ಹಾಕುವ ಪೆಟ್ರೋಲಿನಂಥ ದ್ರಾವಕ ಮತ್ತು ಹಳೇ ಟೂತ್‌ಬ್ರಷ್‌ನಿಂದ ತೊಳೆದು ಒಣಗಿಸಬೇಕು. ಈ ದ್ರಾವಕ ಕೂಡಲೇ ಹೊತ್ತಿಕೊಳ್ಳುತ್ತದೆ. ಒಲೆ, ದೀಪದಿಂದ ದೂರ, ಗಾಳಿಯಾಡುವ ಜಾಗದಲ್ಲೇ ಬಳಸಬೇಕು. ಆಮೇಲೆ ಲೆನ್ಸ್ ಥ್ರೆಡ್ಡಿಗೆಂದೇ ಸಿಗುವ ಗ್ರೀಸನ್ನು ತೆಳುವಾಗಿ ಸವರಬೇಕು. ಗಾಡಿಯ ಗ್ರೀಸ್ ಬೇಡ. ಅಪರ್ಚರ್ ಎಲೆಗಳಿಗೆ ಏನನ್ನೂ ಹಚ್ಚಬಾರದು.

ಎಲ್ಲರೂ ಎಡವುವುದು ಮರುಜೋಡಣೆಯಲ್ಲಿ. ಜಾಮ್ ಬಾಟಲಿಯ ಮುಚ್ಚಳವನ್ನು ಹಲವು ಕಡೆಯಿಂದ ತಿರುಗಿಸಿ ಕೂರಿಸಬಹುದು, ಅಲ್ಲವೇ? ಲೆನ್ಸಿನ ಥ್ರೆಡ್ಡಿಗೂ ಹೀಗೆ ಹಲವು ಆರಂಭಗಳಿರುತ್ತವೆ. ಆದರೆ ಸರಿಯಾದ ಆರಂಭ ಒಂದೇ. ತಪ್ಪಿದರೆ ಲೆನ್ಸ್ ನೋಡಲು ಸರಿಯಾಗಿಯೇ ಇರುತ್ತದೆ, ದೂರದ ಗುಡ್ಡ ಮಾತ್ರ ಸ್ಪಷ್ಟವಾಗಿ ಕಾಣುವುದಿಲ್ಲ. ಆದ್ದರಿಂದ ಬಿಚ್ಚುವಾಗ ಥ್ರೆಡ್ ಕಳಚಿದ ಜಾಗಕ್ಕೆ ಎರಡೂ ಭಾಗಗಳಲ್ಲಿ ಗುರುತು ಹಾಕಬೇಕು, ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆಯಬೇಕು. ಆಟೊಫೋಕಸ್ ಲೆನ್ಸುಗಳನ್ನು ಮನೆಯಲ್ಲಿ ಬಿಚ್ಚಲೇಬಾರದು, ಒಳಗೆ ಮೋಟಾರು, ವೈರುಗಳಿರುತ್ತವೆ.

ಇಷ್ಟೆಲ್ಲ ನಮ್ಮ ಕೈಲಾಗದು ಎನಿಸಿದರೆ ಲೆನ್ಸನ್ನು ಹಾಗೇ ಬಿಡಿ. ಬಿಗಿಯಾದ ಲೆನ್ಸನ್ನು ರಿಪೇರಿಯವರು ಮುಂದೆಂದಾದರೂ ಸರಿಮಾಡಬಹುದು. ಎಣ್ಣೆ ಕುಡಿದ ಲೆನ್ಸಾದರೆ ಅವರು ರಿಂಗಿನ ಜೊತೆಗೆ ಎಲೆಗಳನ್ನೂ ಗಾಜನ್ನೂ ಬಿಚ್ಚಿ ತೊಳೆಯಬೇಕಾಗುತ್ತದೆ. ಖರ್ಚು ಲೆನ್ಸಿನ ಬೆಲೆಯನ್ನೇ ಮೀರಿ, ಅಜ್ಜನ ಲೆನ್ಸ್ ಮತ್ತೆ ಬೀರು ಸೇರಬಹುದು.

ನೆನಪಿಡಿ: ಎಣ್ಣೆ ಬಿಟ್ಟರೆ ಲೆನ್ಸ್ ರಿಪೇರಿಯಾಗುವುದಿಲ್ಲ. ರಿಂಗಿನಲ್ಲಿದ್ದ ತೊಂದರೆ ಒಳಗಿನ ಎಲೆಗಳಿಗೂ ಗಾಜಿಗೂ ಹಬ್ಬುತ್ತದೆ. ಆ ಎರಡು ಹನಿಯ ಸಲಹೆ ನಿಮ್ಮ ಗ್ರೂಪಿಗೆ ಬಂದರೆ, ಅದರ ಕೆಳಗೆ ಇದನ್ನೂ ಹಾಕಿ.