ಮಣ್ಣಿನ ಮಗನ ಲೆಕ್ಕ ಕೇಳುವವರಾರು?

‘ಮಣ್ಣಿನ ಮಗ’ ಎಂಬುದು 1968ರಲ್ಲಿ ಗೀತಪ್ರಿಯ ನಿರ್ದೇಶಿಸಿದ, ರಾಜ್‌ಕುಮಾರ್ ನಟಿಸಿದ ಸಿನಿಮಾದ ಹೆಸರು. ಅದೇ ಮಾತು ಮುಂದೆ ರಾಜಕೀಯ ಬಿರುದೂ ಆಯಿತು. 1994ರಲ್ಲಿ ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾದ ಎಚ್.ಡಿ. ದೇವೇಗೌಡರನ್ನು ನಾಡು ಹಾಗೆಯೇ ಕರೆಯಿತು. ಪಕ್ಕದ ಚನ್ನಪಟ್ಟಣದಲ್ಲಿ 2024ರ ನವೆಂಬರ್‌ನಲ್ಲಿ ನಡೆದ ಉಪಚುನಾವಣೆಯ ಮುಖ್ಯ ಎದುರಾಳಿಗಳಾದ ಸಿ.ಪಿ. ಯೋಗೇಶ್ವರ್ ಮತ್ತು ನಿಖಿಲ್ ಕುಮಾರಸ್ವಾಮಿ ಇಬ್ಬರೂ ತೆರೆಯ ಮೇಲೆ ನಾಯಕರಾಗಿ ಮೆರೆದವರು. ಗೆದ್ದವರು ಯೋಗೇಶ್ವರ್. ನಟರು ಚುನಾವಣೆಗೆ ನಿಲ್ಲಬಾರದೆಂದು ನಾವು ಹೇಳುತ್ತಿಲ್ಲ. ರೈತನನ್ನು ಸಿನಿಮಾದ ಕಣ್ಣಿನಿಂದಲೇ ನೋಡುವ ರಾಜಕಾರಣದ ಬಗ್ಗೆ ನಮ್ಮ ತಕರಾರು.

ಆ ಕಣ್ಣಿಗೆ ರೈತ ಅನ್ನದಾತ, ಇಲ್ಲವೇ ಕೈಮುಗಿದು ನಿಂತ ಮುಗ್ಧ. 1975ರ ‘ಶೋಲೆ’ ರಾಮನಗರದ ಬಂಡೆಗಳನ್ನು ಲೋಕಪ್ರಸಿದ್ಧಗೊಳಿಸಿತು. ಅದರಲ್ಲಿ ಹಳ್ಳಿಗರನ್ನು ಉಳಿಸಲು ಹೊರಗಿನಿಂದ ಇಬ್ಬರು ಬರಬೇಕಾಯಿತು. ಆ ಊರಿನ ಮುಸಲ್ಮಾನ, ಮಗನನ್ನು ಕಳೆದುಕೊಂಡು ಕಣ್ಣೀರು ತರಿಸಲು ಮಾತ್ರ ಬೇಕಾದ ಕುರುಡು ಮುದುಕ.

ಅಕ್ಕೂರಿನಂತಹ ಊರುಗಳಿರುವ ಚನ್ನಪಟ್ಟಣ ತಾಲೂಕು ರೇಷ್ಮೆಯ ಸೀಮೆ. ಇಲ್ಲಿನ ಬದುಕು ಹಾಗಿಲ್ಲ. ಹುಳು ನಾಲ್ಕು ಜ್ವರ ದಾಟಿ ಗೂಡು ಕಟ್ಟಲು ತಿಂಗಳು ಹಿಡಿಯುತ್ತದೆ. ಹೊತ್ತುಹೊತ್ತಿಗೆ ಸೊಪ್ಪು ಹಾಕುವುದು, ಕಸ ತೆಗೆಯುವುದು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವುದು, ಇವುಗಳಲ್ಲಿ ಬಹುಪಾಲು ಹೆಂಗಸರ ದುಡಿಮೆ. ಮಣ್ಣಿನ ಮಗನನ್ನು ಹೊಗಳುವವರಿಗೆ ಈ ಮಗಳು ಕಾಣುವುದೇ ಇಲ್ಲ. ಗೂಡನ್ನು ಹಾಗೆಯೇ ಇಟ್ಟರೆ ಕೆಲವೇ ದಿನಗಳಲ್ಲಿ ಚಿಟ್ಟೆ ಅದನ್ನು ತೂತುಮಾಡಿ ಹೊರಬರುತ್ತದೆ, ನೂಲು ಹಾಳು. ಹಾಗಾಗಿ ಮಾರುಕಟ್ಟೆಯಲ್ಲಿ ಅಂದು ಕೂಗಿದ್ದೇ ಬೆಲೆ. ಕೊಳ್ಳುವ ರೀಲರುಗಳಲ್ಲಿ ಅನೇಕರು ಮುಸ್ಲಿಮರು. ಅವರಿಗೂ ಕುದಿನೀರಿನ ಬಾಣಲೆಯ ಮುಂದೆ ದುಡಿಮೆ, ತಲೆಯ ಮೇಲೆ ಸಾಲ.

2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿತು. ಗೂಡಿನ ಬೆಲೆ ನೆಲಕಚ್ಚಿತು. ಹೊಡೆತ ಬಿದ್ದದ್ದು ಬೆಳೆಗಾರನ ಮನೆಗೂ ರೀಲರಿನ ಮನೆಗೂ. ಇಲ್ಲಿ ಮೀಸೆ ತಿರುವುವ ಜಮೀನ್ದಾರನಿಲ್ಲ. ನಾಯಕ ಒಂದೇ ಏಟಿಗೆ ಉರುಳಿಸಬಹುದಾದ ಖಳನಿಲ್ಲ. ಬಜೆಟ್ಟಿನ ಒಂದು ಸಾಲೇ ಖಳ. ಅದನ್ನು ಚಿತ್ರೀಕರಿಸುವುದು ಸಿನಿಮಾಕ್ಕೆ ಕಷ್ಟ, ಪ್ರಶ್ನಿಸುವುದು ರಾಜಕಾರಣಕ್ಕೆ ಇನ್ನೂ ಕಷ್ಟ. ಬೆಳೆಗಾರನಿಗೆ ರೀಲರನ್ನೇ ಶತ್ರುವೆಂದು ತೋರಿಸುವುದು, ಅದಕ್ಕೆ ಧರ್ಮದ ಬಣ್ಣ ಬಳಿಯುವುದು ಸುಲಭ.

ಹೆಗಲ ಮೇಲೆ ಹಸಿರು ಶಾಲು ಹೊದ್ದು ಬರುವ ಪ್ರತಿಯೊಬ್ಬರನ್ನೂ ನಾವು ಕೇಳಬೇಕು: ಸುಂಕ ಎಷ್ಟಿರಬೇಕು? ಬೆಲೆ ಬಿದ್ದ ದಿನ ಗೂಡು ಕೊಳ್ಳುವವರಾರು? ಸೊಪ್ಪು ಹಾಕುವ ಹೆಂಗಸಿನ ಕೂಲಿ ಯಾವ ಲೆಕ್ಕದಲ್ಲಿದೆ? ಉತ್ತರವಿಲ್ಲದವರು ನಮ್ಮನ್ನು ಅನ್ನದಾತನೆಂದು ಕರೆಯುವುದು ಬೇಡ.