ಅವನಿಗೆ ಕಂಡದ್ದೇನು?

ಅಮೆರಿಕದಲ್ಲಿ ಚಳಿಗಾಲಕ್ಕೆ ಬೇಸ್‌ಬಾಲ್ ನಿಲ್ಲುತ್ತದೆ. ಅಭಿಮಾನಿಗಳ ವಾದ ನಿಲ್ಲದು. ಯಾವ ಪಿಚರ್‌ನನ್ನು ಬಿಟ್ಟುಕೊಡಬೇಕು, ಯಾರನ್ನು ತರಬೇಕು, ಉತ್ತಮ ಫೀಲ್ಡರ್‌ಗೆ ಸಲ್ಲುವ ‘ಗೋಲ್ಡ್ ಗ್ಲೌ’ ಯಾರಿಗೆ? 1999ರಲ್ಲಿ ಅದು ರಫಾಯೆಲ್ ಪಾಲ್ಮೇರೊ ಅವರಿಗೆ ಸಂದಿತು. ಆ ವರ್ಷ ಅವರು ಮೊದಲ ಬೇಸ್ ಕಾದದ್ದು 28 ಪಂದ್ಯಗಳಲ್ಲಿ ಮಾತ್ರ! ಮತ ನೀಡಿದ ತರಬೇತುದಾರರಿಗೆ ಹಿಂದಿನ ಕೀರ್ತಿಯೇ ಕಂಡಿತ್ತು. 2013ರಿಂದ ಆಯ್ಕೆಯಲ್ಲಿ ಅಂಕಿ-ಅಂಶಕ್ಕೂ ಸುಮಾರು ಕಾಲುಭಾಗದ ತೂಕ ದೊರೆಯಿತು.

ಇಂತಹ ಒಂದೊಂದು ದೃಷ್ಟಿಯನ್ನೂ ಜೈನದರ್ಶನ ‘ನಯ’ವೆನ್ನುತ್ತದೆ. ತನ್ನದೇ ಪೂರ್ಣಸತ್ಯವೆಂದು ಉಳಿದವನ್ನು ತಳ್ಳಿಹಾಕಿದರೆ ಅದು ದುರ್ನಯ. ಹಾಗೆಂದು ಎಲ್ಲರ ಮಾತೂ ಸರಿಯೆಂದು ಅನೇಕಾಂತ ಹೇಳುವುದಿಲ್ಲ. ಪಾಲ್ಮೇರೊ ಆಯ್ಕೆಯನ್ನು ತಪ್ಪೆನ್ನಲು ಅದು ಅಡ್ಡಿಯಾಗದು. ಕಾಣದೆ ಉಳಿದ ಮುಖವನ್ನೂ ಲೆಕ್ಕಕ್ಕೆ ಸೇರಿಸಿರೆಂದು ಕೇಳುತ್ತದೆ, ಅಷ್ಟೆ. ಎದುರು ತಂಡದ ಅಭಿಮಾನಿಯನ್ನು ಮೂರ್ಖನೆಂದು ಜರೆಯುವ ಮುನ್ನ ‘ಅವನಿಗೆ ಕಂಡದ್ದೇನು’ ಎಂದು ವಿಚಾರಿಸಿದರೆ, ವಾದ ಉಳಿದರೂ ಮಾತಿನ ಹಿಂಸೆ ತಗ್ಗೀತು.