ಮನೆಯ ಮಾತು: ಅಗ್ಗದ ಗಣಕಯಂತ್ರವೂ ಅಮ್ಮನ ಬರಹವೂ



ಗೋರ್ವಾದಲ್ಲಿ ನೆಲೆಸಿರುವ ನಮ್ಮ ಮಿತ್ರರೊಬ್ಬರು 2025ರ ದೀಪಾವಳಿಗೆ ಹೊಸ ಗಣಕಯಂತ್ರವನ್ನು ಕೊಂಡರು. ಹಳೆಯದರಲ್ಲಿದ್ದ ವಿಂಡೋಸ್ 10ಕ್ಕೆ ಆ ವರ್ಷದ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿದ್ದಿತು. ವಿಂಡೋಸ್ 11 ಕೇಳುವ ಟಿ.ಪಿ.ಎಂ. 2.0 ಎಂಬ ಭದ್ರತಾ ಅಂಗ ಅದರಲ್ಲಿರಲಿಲ್ಲ. ಅಂಗಡಿಯವನು 'ಸಸ್ತುಂ ಛೇ' ಎನ್ನುತ್ತ ಕ್ರೋಮ್‌ಬುಕ್ ಒಂದನ್ನು ಮುಂದಿಟ್ಟನು. ಬೆಲೆ ಕಡಿಮೆ, ತೂಕ ಕಡಿಮೆ, ಮಕ್ಕಳ ಪಾಠಕ್ಕೂ ಸಾಕು. ಹಳೆಯದನ್ನು ಕೊಟ್ಟರೆ ಇನ್ನೂ ಸೋಡಿ ಎಂದರೆ ಯಾರ ಮನಸ್ಸು ತಾನೇ ಕರಗದು?

ಈ ಆಸೆ ಹೊಸದೇನೂ ಅಲ್ಲ. 2005ರ ಜನವರಿಯಲ್ಲಿ ಆಪಲ್ ಕಂಪನಿಯವರು 499 ಡಾಲರಿಗೆ ಮ್ಯಾಕ್ ಮಿನಿಯನ್ನು ಹೊರತಂದರು. ಪರದೆ, ಕೀಲಿಮಣೆ, ಮೌಸ್ ನಿಮ್ಮವೇ ಇರಲಿ, ಪೆಟ್ಟಿಗೆಯನ್ನಷ್ಟೇ ಬದಲಿಸಿರಿ ಎಂಬುದು ವಿಂಡೋಸ್ ಬಳಗಕ್ಕೆ ಅವರಿತ್ತ ಆಹ್ವಾನ.

ಮಿತ್ರರ ಮನೆಯಲ್ಲಿ ತೊಡಕು ಬಂದುದು ಬೇರೆಡೆಯಿಂದ. ಅವರ ತಾಯಿಯವರು ಧಾರವಾಡದ ತಮ್ಮ ಬಾಲ್ಯವನ್ನು ಮೊಮ್ಮಕ್ಕಳಿಗಾಗಿ ಹೇಳಿದ್ದರು. ಮಗ ಅದನ್ನು 2008ರಲ್ಲಿ 'ನುಡಿ'ಯಲ್ಲಿ ಬೆರಳಚ್ಚು ಮಾಡಿಟ್ಟಿದ್ದರು. ತಾಯಿ ಈಗಿಲ್ಲ. ಹೊಸ ಯಂತ್ರದಲ್ಲಿ ಆ ಕಡತವನ್ನು ತೆರೆದರೆ ಕನ್ನಡವೇ ಮಾಯ! 'ಕ' ಇದ್ದೆಡೆ ಇಂಗ್ಲಿಷಿನ 'ಪಿ', 'ನ' ಇದ್ದೆಡೆ ಪೌಂಡ್ ನಾಣ್ಯದ ಗುರುತು! ಮನೆಯವರ ಮುಖ ಬಾಡಿತು.

ಇದರ ಕಾರಣ ಸರಳ. ಹಳೆಯ ನುಡಿಯ ಅಕ್ಷರವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ರೂಪಗಳನ್ನು ಕೂರಿಸಿದ್ದವು. ಆ ವಿನ್ಯಾಸ ಇಲ್ಲದೆಡೆ ಒಳಗಿನ ಇಂಗ್ಲಿಷ್ ಹೊರಬೀಳುತ್ತದೆ. ಯೂನಿಕೋಡಿನಲ್ಲಾದರೋ 1991ರಿಂದಲೇ ಕನ್ನಡಕ್ಕೆ ಅದರದೇ ಸ್ಥಾನವಿದೆ. ಅದರಲ್ಲಿ ಬರೆದುದು ವಿಂಡೋಸ್, ಮ್ಯಾಕ್, ಲಿನಕ್ಸ್, ಕೈಫೋನು ಎಲ್ಲೆಡೆಯೂ ಕನ್ನಡವಾಗಿಯೇ ಉಳಿಯುತ್ತದೆ.

ಪುಣ್ಯಕ್ಕೆ ಹಳೆಯ ಯಂತ್ರವನ್ನು ಇನ್ನೂ ಕೊಟ್ಟಿರಲಿಲ್ಲ. ಅದರಲ್ಲೇ ಕಡತವನ್ನು ತೆರೆದು, ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದೆವು. ಒತ್ತಕ್ಷರಗಳೂ ಅರ್ಕಾವತ್ತುಗಳೂ ಅಲ್ಲಲ್ಲಿ ಕದಲಿದ್ದವು. ಎರಡು ಸಂಜೆ ಕುಳಿತು ಸಾಲು ಸಾಲಾಗಿ ತಿದ್ದಿದೆವು. ಗುಜರಾತಿ ಶಾಲೆಯ ಮೊಮ್ಮಗಳು ಪಕ್ಕದಲ್ಲಿ ಕುಳಿತು, ಅಜ್ಜಿಯ ಮಾತನ್ನು ಕೂಡಿಸಿ ಕೂಡಿಸಿ ಓದಿದಳು. ಸೋಡಿಗಿಂತ ಇದು ದೊಡ್ಡ ಲಾಭವಲ್ಲವೇ?

ಅಗ್ಗದ ಯಂತ್ರ ಬೇಡವೆಂದು ನಾವು ಹೇಳುವುದಿಲ್ಲ. ನಮ್ಮಂಥ ಸಂಸಾರಗಳಿಗೆ ಅದು ಅನುಕೂಲವೇ. ಹಳೆಯದಕ್ಕೆ ಉಚಿತವಾದ ಲಿನಕ್ಸನ್ನು ಹಾಕಿ ಇನ್ನೂ ಕೆಲವು ಕಾಲ ದುಡಿಸಲೂಬಹುದು. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ. ಕೊಳ್ಳುವ ಮೊದಲು ನಿಮ್ಮ ಹಳೆಯ ಕನ್ನಡ ಕಡತವೊಂದನ್ನು ಅಂಗಡಿಯ ಯಂತ್ರದಲ್ಲಿ ತೆರೆದು ನೋಡಿರಿ. ಪರಿವರ್ತಿಸಿ, ತಿದ್ದಿ, ಪಿ.ಡಿ.ಎಫ್. ಪ್ರತಿಯೊಂದನ್ನು ತೆಗೆದಿಡಿರಿ. ಮೂಲವನ್ನು ಅಳಿಸಬೇಡಿರಿ. ಹಳೆಯ ಯಂತ್ರವನ್ನು ಅಂಗಡಿಗೆ ಒಪ್ಪಿಸುವುದು ಆಮೇಲೆ.

ಊರು ಬಿಟ್ಟು ಬಂದಾಗ ಪೆಟ್ಟಿಗೆಯಲ್ಲಿ ಏನೇನು ತುಂಬಬೇಕೆಂದು ನಮ್ಮ ಹಿರಿಯರು ಯೋಚಿಸಿದ್ದರು. ಯಂತ್ರ ಬದಲಿಸುವಾಗ ನಾವೂ ಅಷ್ಟು ಯೋಚಿಸೋಣ.